ರಾಕ್ಷಸರ ಪುಸ್ತಕಕ್ಕೊಂದು ಅಪ್ರೈಸಲ್ ನೋಟು

ಮೂವತ್ತು ವರ್ಷದ ಬ್ಯಾಂಕ್ ನೌಕರಿಯಲ್ಲಿ ನಾನು ಎಮ್ಮೆಗೆ ಸಾಲ ಕೊಟ್ಟಿದ್ದೇನೆ, ಟ್ರ್ಯಾಕ್ಟರಿಗೆ ಕೊಟ್ಟಿದ್ದೇನೆ, ಕಾಟೋಲಿನ ಕಿತ್ತಳೆ ತೋಟಗಳಿಗೆ ಕೊಟ್ಟಿದ್ದೇನೆ, ಒಮ್ಮೆ ಮದುವೆ ಬ್ಯಾಂಡಿನವರ ಕಹಳೆಗಳಿಗೂ ಕೊಟ್ಟಿದ್ದೇನೆ. ಆದರೆ ರಾಕ್ಷಸರನ್ನು ಕೊಳ್ಳಬೇಕು, ದುಡ್ಡು ಕೊಡಿ ಅಂತ ಯಾರೂ ನನ್ನ ಟೇಬಲ್ಲಿಗೆ ಬಂದಿರಲಿಲ್ಲ. ಅದೂ ಬಂತು ನೋಡಿ, 2025ರ ಜೂನ್ ತಿಂಗಳ ಒಂದು ರಾತ್ರಿ, ಊಟದ ತಟ್ಟೆಯ ಪಕ್ಕಕ್ಕೆ. ಅರ್ಜಿದಾರರು ನನ್ನ ಮಗಳು.

ಎ4 ಹಾಳೆಯಲ್ಲಿ ನೀಟಾಗಿ ಟೈಪ್ ಮಾಡಿ ತಂದಿದ್ದಳು. ಸಾಲದ ಉದ್ದೇಶ, ಇನ್ನೂರೈವತ್ತು ರಾಕ್ಷಸರ ಖರೀದಿ. ಮೊತ್ತ, ಅಂದಾಜು 4,300 ರೂಪಾಯಿ. ಮಾರ್ಜಿನ್ ಮನಿ, ಅರ್ಜಿದಾರರ ಸ್ಟೈಪೆಂಡಿನಿಂದ ಒಂದು ಸಾವಿರ. ಜಾಮೀನು, ಅಮ್ಮ. ಕೆಳಗೆ ಸಹಿ, ತಾರೀಕು, ಸ್ಥಳ ನಾಗಪುರ. ಜಾಮೀನುದಾರರನ್ನು ಕೇಳಿದರೆ "ನನಗೆ ಯಾರೂ ಹೇಳಲೇ ಇಲ್ಲ" ಅಂತ ಸಾರಿಗೆ ಒಗ್ಗರಣೆ ಹಾಕುತ್ತಾ ನಿಂತಿದ್ದರು. ನಮ್ಮ ಬ್ಯಾಂಕಿನಲ್ಲೂ ಎಷ್ಟೋ ಜಾಮೀನುದಾರರು ಹೀಗೇ ಹೇಳುತ್ತಾರೆ ಬಿಡಿ.

ಅವಳು ತಮಾಷೆಗೆ ಮಾಡಿದ್ದು ಅಂತ ಗೊತ್ತಿತ್ತು. ಆದರೆ ಕಣ್ಣಲ್ಲಿ ತಮಾಷೆ ಪೂರ್ತಿ ಇರಲಿಲ್ಲ. "ಕೊಂಡುಕೊಳ್ಳಬಹುದಾ ಬೇಡವಾ ನೀನೇ ಹೇಳಪ್ಪಾ, ನೀನು ಅಪ್ರೈಸಲ್ ಮಾಡು" ಅಂದಳು. ಸರಿ, ಮಾಡೋಣ ಅಂದೆ. ಮಾಡಿದ್ದು ಐದು ತಿಂಗಳು! ನಮ್ಮ ರೀಜನಲ್ ಆಫೀಸು ಕೂಡ ಇಷ್ಟು ತಡ ಮಾಡುವುದಿಲ್ಲ.

ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಂತ ಹೆಸರು. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ಹುಟ್ಟುಹಾಕಿದ್ದು. ಕಂಪ್ಯೂಟರಿನ ಆಟ ಅಲ್ಲ, ಹಾವು ಏಣಿಯ ಥರ ಬೋರ್ಡಿನ ಆಟವೂ ಅಲ್ಲ. ನನಗೆ ಅರ್ಥವಾಗಬೇಕಾದರೆ ಎರಡು ವರ್ಷ ಹಿಡಿಯಿತು, ಅರ್ಥವಾದ ದಿನ ಜೋರಾಗಿ ನಕ್ಕುಬಿಟ್ಟೆ. ಯಾಕೆಂದರೆ ಇದು ನಮ್ಮ ಊರಿನ ತಾಳಮದ್ದಳೆ ಮಾರಾಯ್ರೆ! ವೇಷ ಇಲ್ಲ, ಕುಣಿತ ಇಲ್ಲ, ಎಲ್ಲರೂ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರ ಹಿಡಿದು ಆಶುವಾಗಿ ಮಾತಾಡುವುದು. ಒಬ್ಬ ಯೋಧ, ಒಬ್ಬಳು ಮಂತ್ರವಾದಿ, ಒಬ್ಬ ಕಳ್ಳ. ವ್ಯತ್ಯಾಸ ಏನಪ್ಪಾ ಅಂದರೆ ಕರ್ಣ ಸಾಯುತ್ತಾನೋ ಬದುಕುತ್ತಾನೋ ಅನ್ನುವುದು ಇಲ್ಲಿ ಮೊದಲೇ ತೀರ್ಮಾನವಾಗಿಲ್ಲ. ಇಪ್ಪತ್ತು ಮುಖದ ದಾಳ ಹಾಕಿ ನೋಡಬೇಕು. ಭಾಗವತರ ಜಾಗದಲ್ಲಿ ಡಂಜನ್ ಮಾಸ್ಟರ್ ಅಂತ ಒಬ್ಬರಿರುತ್ತಾರೆ. ಕಥೆ ನಡೆಸುವುದು ಅವರು, ದಾರಿಯಲ್ಲಿ ಎದುರಾಗುವ ರಾಕ್ಷಸರ ಅರ್ಥ ಹೇಳುವುದೂ ಅವರೇ. ನಮ್ಮ ಮನೆಯ ಭಾಗವತರು ನನ್ನ ಮಗಳು.

2020ರ ಲಾಕ್‌ಡೌನಿನಲ್ಲಿ ಶುರುವಾದದ್ದು. ಆಗ ಮೊಬೈಲಿನಲ್ಲಿ, ಬಾಗಿಲು ಹಾಕಿಕೊಂಡು ಆಡುತ್ತಿದ್ದರು. 2022ರಿಂದ ಪ್ರತಿ ಭಾನುವಾರ ಪ್ರತಾಪ್ ನಗರದ ನಮ್ಮ ಹಾಲಿನಲ್ಲೇ ಮೇಳ. ಐದು ಜನ ಬರುತ್ತಾರೆ. ಒಬ್ಬ ತರ್ರಿ ಪೋಹೆ ಕಟ್ಟಿಸಿಕೊಂಡು ತರುತ್ತಾನೆ, ಇಡೀ ಮನೆ ಘಮಘಮ. ಮೇ ತಿಂಗಳ ನಲವತ್ತೈದು ಡಿಗ್ರಿಯಲ್ಲಿ ಕೂಲರ್ ಎದುರು ಚಾಪೆ ಹಾಸಿಕೊಂಡು ಮೂರು ಮೂರೂವರೆ ಗಂಟೆ ಹಿಂದಿ, ಮರಾಠಿ, ಇಂಗ್ಲಿಷು ಬೆರೆಸಿ ಕೂಗಾಡುತ್ತಾರೆ. ನಾನು ಒಳಗೆ ಪೇಪರ್ ಓದುವ ಹಾಗೆ ನಟಿಸುತ್ತೇನೆ.

ನಟಿಸುವುದಕ್ಕೆ ಕಾರಣ ಇದೆ. ಅದನ್ನು ಹೇಳದೆ ಈ ಲೆಕ್ಕಾಚಾರ ನಿಮಗೆ ತಿಳಿಯುವುದಿಲ್ಲ. ನನ್ನ ಮಗಳಿಗೆ ಉಗ್ಗು ಇದೆ. ನಾಲ್ಕನೇ ವಯಸ್ಸಿನಿಂದ. ಪ, ಬ, ಮ ಬಂದರೆ ತುಟಿ ಮುಚ್ಚಿದ್ದು ತೆರೆಯುವುದೇ ಇಲ್ಲ. ಅವಳ ಹೆಸರೂ ಅಂಥದೇ ಅಕ್ಷರದಿಂದ ಶುರು, ಇಟ್ಟವನು ನಾನು. ಸ್ಪೀಚ್ ಥೆರಪಿ ಎರಡು ವರ್ಷ ಮಾಡಿಸಿದೆವು, ಸ್ವಲ್ಪ ಅನುಕೂಲವಾಯಿತು. ಬಿಕಾಂ ಮುಗಿಸಿ ಸಿಎ ಆರ್ಟಿಕಲ್‌ಶಿಪ್ಪಿಗೆ ಅಂತ ಒಂದು ಆಫೀಸಿಗೆ ಹೋದಾಗ ಹೆಸರು ಹೇಳಲು ಅರ್ಧ ನಿಮಿಷ ಆಯಿತಂತೆ, ಎದುರಿಗಿದ್ದವರು ರೆಸ್ಯೂಮೆ ನೋಡಿ ತಾವೇ ಹೇಳಿಬಿಟ್ಟರಂತೆ. ಅವರು ಒಳ್ಳೆಯ ಮನಸ್ಸಿನಿಂದಲೇ ಮಾಡಿರಬೇಕು. ಮನೆಗೆ ಬಂದು ಎರಡು ದಿನ ಅವಳು ಯಾರ ಹತ್ತಿರವೂ ಮಾತಾಡಲಿಲ್ಲ. ಊರಿಂದ ನನ್ನ ಅಮ್ಮ ಫೋನ್ ಮಾಡಿದರೆ "ಸ್ನಾನ ಮಾಡ್ತಿದ್ದಾಳೆ ಅನ್ನು" ಅಂತ ಸನ್ನೆ ಮಾಡುವುದು ಅಭ್ಯಾಸವಾಗಿಬಿಟ್ಟಿತ್ತು. ಅಮ್ಮನ ಲೆಕ್ಕದಲ್ಲಿ ಮೊಮ್ಮಗಳು ದಿನಕ್ಕೆ ನಾಲ್ಕು ಸಲ ಸ್ನಾನ ಮಾಡುತ್ತಾಳೆ.

ಅಂಥ ಹುಡುಗಿ 2022ರ ಒಂದು ಭಾನುವಾರ ನಮ್ಮ ಹಾಲಿನಲ್ಲಿ ಕೂತು ಯಾವುದೋ ಡ್ರ್ಯಾಗನ್ನಿನ ದನಿಯಲ್ಲಿ ಹದಿನೈದು ನಿಮಿಷ ಒಂದೇ ಉಸಿರಿಗೆ ಗದರಿಸುತ್ತಿದ್ದಳು. ಒಂದು ಅಕ್ಷರ ಎಡವಲಿಲ್ಲ. ನಾನು ಅಡುಗೆಮನೆಯ ಪರದೆ ಹಿಂದೆ ನಿಂತಿದ್ದೆ, ಹೆಂಡತಿ ಪಕ್ಕದಲ್ಲಿ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳಲಿಲ್ಲ. ಉಗ್ಗುವವರು ಹಾಡುವಾಗ, ಇನ್ನೊಬ್ಬರ ಪಾತ್ರ ವಹಿಸಿ ಮಾತಾಡುವಾಗ ಎಷ್ಟೋ ಸಲ ಉಗ್ಗುವುದಿಲ್ಲ, ಇದು ಡಾಕ್ಟರುಗಳಿಗೆ ಗೊತ್ತಿರುವ ಸಂಗತಿಯೇ ಅಂತ ಆಮೇಲೆ ತಿಳಿಯಿತು. ನನಗೆ ಅವತ್ತು ತಿಳಿಯಿತು. ಅವತ್ತಿಂದ ಭಾನುವಾರ ನಾನು ಪೇಪರ್ ಓದುತ್ತೇನೆ.

ಇರಲಿ, ವಿಷಯಕ್ಕೆ ಬರೋಣ. ಪುಸ್ತಕದ ಹೆಸರು "ಮಾನ್‌ಸ್ಟರ್ಸ್ ಆಫ್ ದಿ ಮಲ್ಟಿವರ್ಸ್". 2022ರಲ್ಲಿ ಬಂದದ್ದು, 288 ಪುಟ, ಬೆಲೆ 50 ಡಾಲರಿಗೆ ಐದು ಸೆಂಟ್ ಕಮ್ಮಿ. ಪುಸ್ತಕಕ್ಕೆ ಜಿಎಸ್‌ಟಿ ಇಲ್ಲದಿದ್ದರೂ 2019ರ ಬಜೆಟ್ಟಿನಲ್ಲಿ ಆಮದು ಪುಸ್ತಕಗಳಿಗೆ ಶೇಕಡಾ 5 ಸುಂಕ ಹಾಕಿದ್ದರು ಅನ್ನುವುದನ್ನು ಅರ್ಜಿದಾರರು ನಮೂದಿಸಿರಲಿಲ್ಲ. ನಾನು ಪೆನ್ಸಿಲಿನಲ್ಲಿ ಬರೆದೆ.

ಇದರಲ್ಲಿ ಏನಿದೆ? ರಾಕ್ಷಸರ ಪಟ್ಟಿ. ಮಾನ್‌ಸ್ಟರ್ ಅನ್ನುವುದಕ್ಕೆ ನಮ್ಮಲ್ಲಿ ಸರಿಯಾದ ಒಂದು ಶಬ್ದ ಇಲ್ಲ, ಹಾಗಾಗಿ ರಾಕ್ಷಸ ಅನ್ನುತ್ತಿದ್ದೇನೆ. ಒಬ್ಬೊಬ್ಬರಿಗೂ ಒಂದು ಚಿತ್ರ, ಒಂದು ಕೋಷ್ಟಕ. ಎಷ್ಟು ಪೆಟ್ಟು ತಾಳುತ್ತಾನೆ, ಚರ್ಮ ಎಷ್ಟು ದಪ್ಪ, ಯಾವ ಮಂತ್ರ ತಾಗುವುದಿಲ್ಲ. ಕೊನೆಯಲ್ಲಿ ಚಾಲೆಂಜ್ ರೇಟಿಂಗ್ ಅಂತ ಒಂದು ಅಂಕಿ. ಇದನ್ನು ನೋಡಿ ನನಗೆ ತವರುಮನೆ ನೋಡಿದಂತಾಯಿತು. ನಾವು ಸಾಲಗಾರರಿಗೆ ರೇಟಿಂಗ್ ಕೊಡುವುದಿಲ್ಲವೇ? ಇಷ್ಟು ಬಲದ ನಾಲ್ಕು ಜನ ಇವನನ್ನು ಎದುರಿಸಿದರೆ ಅಪಾಯ ಎಷ್ಟು ಅನ್ನುವ ಲೆಕ್ಕ. ಕೋಬೋಲ್ಡ್ ಎಂಬ ಚಿಲ್ಲರೆ ಪ್ರಾಣಿಗೆ ಎಂಟನೇ ಒಂದು. ಟರಾಸ್ಕ್ ಎಂಬ ಮಹಾಪ್ರಳಯಕ್ಕೆ 30. ಹುಡುಕಿ ನೋಡಿದರೆ ಈ ಗೈಗ್ಯಾಕ್ಸ್ ಮಹಾಶಯರು ಆಟ ಕಟ್ಟುವುದಕ್ಕೆ ಮುಂಚೆ ಇನ್ಶೂರೆನ್ಸ್ ಕಂಪನಿಯಲ್ಲಿ ಅಂಡರ್‌ರೈಟರ್ ಆಗಿದ್ದವರು! ಅಪಾಯ ಅಳೆದು ಅಂಕಿ ಕೊಡುವುದೇ ಉದ್ಯೋಗ. ನಮ್ಮ ಜಾತಿಯವರೇ ಅನ್ನಿ.

ಅಪ್ರೈಸಲ್ ಅಂದಮೇಲೆ ಅರ್ಜಿದಾರರ ಹತ್ತಿರ ಈಗ ಇರುವ ಆಸ್ತಿ ನೋಡಬೇಕು. ಅವಳ ಹತ್ತಿರ 2014ರ "ಮಾನ್‌ಸ್ಟರ್ ಮ್ಯಾನುಯಲ್" ಇದೆ, 352 ಪುಟ. ಮೂರು ವರ್ಷದ ಹಿಂದೆ ಹುಟ್ಟುಹಬ್ಬಕ್ಕೆ ಗೆಳೆಯರೆಲ್ಲ ಸೇರಿ ಕೊಟ್ಟದ್ದು. ಪ್ರತಿ ಭಾನುವಾರದ ಆಟವನ್ನೂ ಅವಳು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾಳೆ, ಬಿಕಾಂ ರಕ್ತ. ನಾನು ಕೂತು ಆಡಿಟ್ ಮಾಡಿದೆ. ಮೂರು ವರ್ಷದಲ್ಲಿ ಅಷ್ಟು ದೊಡ್ಡ ಪುಸ್ತಕದಿಂದ ಹೊರಗೆ ಬಂದು ಕೆಲಸ ಮಾಡಿದ ರಾಕ್ಷಸರು ಮೂವತ್ತೆಂಟು ಜನ. ಅದರಲ್ಲಿ ಗಾಬ್ಲಿನ್ನುಗಳು ಹದಿನಾಲ್ಕು ಸಲ. ತೊಂಬತ್ತು ದಿನ ಕಂತು ಬಾರದಿದ್ದರೆ ನಮ್ಮಲ್ಲಿ ಎನ್‌ಪಿಎ ಅನ್ನುತ್ತೇವೆ. ಆ ಲೆಕ್ಕದಲ್ಲಿ ಅವಳ ಪುಸ್ತಕದ ಮುಕ್ಕಾಲು ರಾಕ್ಷಸರು ಎನ್‌ಪಿಎ.

ಇನ್ನೂ ಒಂದು ಸಂಗತಿ ಸಿಕ್ಕಿತು. ಪ್ರಕಾಶಕರು 2023ರ ಜನವರಿಯಲ್ಲಿ ಈ ಆಟದ ಮೂಲ ನಿಯಮಗಳ ದಸ್ತಾವೇಜನ್ನು ಕ್ರಿಯೇಟಿವ್ ಕಾಮನ್ಸ್ ಅಡಿ ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ. ಅದರಲ್ಲಿ ಸುಮಾರು ಮುನ್ನೂರು ರಾಕ್ಷಸರ ಕೋಷ್ಟಕ ಪುಕ್ಕಟೆ. ಚಿತ್ರ ಇಲ್ಲ, ಕಥೆ ಇಲ್ಲ, ಬರೀ ಅಂಕಿ. ಇದಕ್ಕಿಂತ ಬೇರೆ ಏನು ಬೇಕು? ನೋಟಿನ ಕೆಳಗೆ ಬರೆದೆ: ಇರುವ ಆಸ್ತಿಯೇ ಪೂರ್ಣ ಬಳಕೆಯಾಗಿಲ್ಲ, ಪರ್ಯಾಯ ಉಚಿತವಾಗಿ ಲಭ್ಯ, ಅರ್ಜಿ ಪರಿಗಣಿಸಲು ಸಾಧ್ಯವಿಲ್ಲ.

ಹೆಂಡತಿ ಓದಿ "ನೀವು ಗೃಹಸ್ಥರೋ ಆಡಿಟರೋ" ಅಂದಳು. ಮಗಳು ಏನೂ ಅನ್ನಲಿಲ್ಲ. ಅದು ಸರಿ ಕಾಣಲಿಲ್ಲ. ರಾತ್ರಿ ಹತ್ತಿರ ಕೂತು ಕೇಳಿದಾಗ ಮೇ ತಿಂಗಳಲ್ಲಿ ನಡೆದದ್ದನ್ನು ಹೇಳಿದಳು. ಹೇಳಲು ಬಹಳ ಹೊತ್ತು ಹಿಡಿಯಿತು.

ಅವರ ಮೇಳದಲ್ಲಿ ಒಬ್ಬ ಚಷ್ಮಾ ಹುಡುಗ ಇದ್ದಾನೆ, ಇಂಜಿನಿಯರಿಂಗ್ ಓದುತ್ತಾನೆ, ತುಂಬಾ ಒಳ್ಳೆಯವನು, ಮೊದಲು ಹೇಳಿದ ಪೋಹೆ ತರುವವನೂ ಅವನೇ. ಅವನಿಗೆ ಮಾನ್‌ಸ್ಟರ್ ಮ್ಯಾನುಯಲ್ ಬಾಯಿಪಾಠ. ಅವತ್ತು ಮಗಳು ಎರಡು ವಾರ ಕೂತು ಒಂದು ದೊಡ್ಡ ಸನ್ನಿವೇಶ ಕಟ್ಟಿದ್ದಳು. ಪಾಳುಬಿದ್ದ ಕೋಟೆ, ಒಳಗೆ ಸಿಂಹಾಸನ, ಅದರ ಮೇಲೆ ಹುಲಿಮುಖದವನು, ಅಂಗೈ ಹಿಂದುಮುಂದು... ಇಷ್ಟು ಹೇಳುತ್ತಲೇ ಹುಡುಗ "ಅರೇ, ರಾಕ್ಷಸ! ರೇಟಿಂಗ್ 13, 110 ಪೆಟ್ಟು, ಸಣ್ಣ ಮಂತ್ರ ಯಾವುದೂ ತಾಗಲ್ಲ, ಒಳ್ಳೆಯವರ ಕೈಯಲ್ಲಿ ಮಂತ್ರಿಸಿದ ಚೂಪಾದ ಆಯುಧ ಕೊಡಿ, ಮುಗೀತು" ಅಂದುಬಿಟ್ಟ. ಎಲ್ಲರೂ ನಕ್ಕರು. ಭಯ ಹೋಯಿತು. ಅವಳು ರಾಕ್ಷಸನ ದನಿಯಲ್ಲಿ ಬಾಯಿ ತೆರೆದರೆ ಅಲ್ಲಿದ್ದದ್ದು ರಾಕ್ಷಸ ಅಲ್ಲ, ಇವಳು. "ಬ" ಸಿಕ್ಕಿಕೊಂಡಿತು. ಮೂರು ವರ್ಷದಲ್ಲಿ ಮೊದಲ ಸಲ ಆ ಚಾಪೆಯ ಮೇಲೆ. ತಲೆನೋವು ಅಂತ ಹೇಳಿ ಆಟ ಬೇಗ ಮುಗಿಸಿದಳಂತೆ.

"ಅವನಿಗೆ ಗೊತ್ತಿಲ್ಲದ್ದು ಬೇಕಪ್ಪಾ ನನಗೆ" ಅಂದಳು.

ನೋಡಿ, ನಾನು ಎಣಿಸಿದ್ದು ರಾಕ್ಷಸರನ್ನು. ಅವಳು ಕೊಳ್ಳಲು ಹೊರಟಿದ್ದು ಎದುರಿಗಿರುವವರ ಅಜ್ಞಾನವನ್ನು. ಅದು ನನ್ನ ಫಾರ್ಮ್ಯಾಟಿನಲ್ಲಿ ಇರಲೇ ಇಲ್ಲ. ಆಟಗಾರರಿಗೆ ಪರಿಚಯವಾದ ರಾಕ್ಷಸ ಗಿರಾಕಿಗೆ ಪರಿಚಯವಾದ ಸ್ಕೀಮಿನ ಹಾಗೆ, ಅದರಲ್ಲಿ ಕುತೂಹಲ ಇರುವುದಿಲ್ಲ. ಆದರೂ ನನ್ನದು ಒಂದು ಆಕ್ಷೇಪ ಇತ್ತು. ಇವತ್ತು ಹೊಸ ಪುಸ್ತಕ ತಂದರೆ ನಾಳೆ ಆ ಹುಡುಗ ಅದನ್ನೂ ಓದುತ್ತಾನೆ. ಆಮೇಲೆ? 2025ರ ಫೆಬ್ರವರಿಯಲ್ಲಿ ಹೊಸ ಮಾನ್‌ಸ್ಟರ್ ಮ್ಯಾನುಯಲ್ಲೇ ಬಂದಿತ್ತು, ಐನೂರಕ್ಕೂ ಹೆಚ್ಚು ರಾಕ್ಷಸರು. ಅದೂ ಅವನ ಲ್ಯಾಪ್‌ಟಾಪಿನಲ್ಲಿ ಆಗಲೇ ಇತ್ತು.

ಆ ಪುಸ್ತಕದ ರಾಕ್ಷಸನ ಬಗ್ಗೆ ನನಗೂ ಸಣ್ಣ ಸಿಟ್ಟಿತ್ತು ಅನ್ನಿ. ಹುಲಿಮುಖ ಎಲ್ಲಿಂದ ಬಂತು? ನಮ್ಮ ಯಾವ ಬಣ್ಣದ ವೇಷಕ್ಕೂ ಹುಲಿಮುಖ ನಾನು ಕಂಡಿಲ್ಲ. 1977ರ ಮೊದಲ ಮಾನ್‌ಸ್ಟರ್ ಮ್ಯಾನುಯಲ್ಲಿನಲ್ಲಿ ಅವನು ಕೋಟು ತೊಟ್ಟು ಪೈಪ್ ಸೇದುತ್ತಾ ಕೂತಿದ್ದಾನೆ. ಮಂತ್ರಿಸಿದ ಬಾಣ ಬಿದ್ದರೆ ಸಾಯುತ್ತಾನೆ ಅನ್ನುವುದು ಕೋಲ್ಚಾಕ್ ಎಂಬ ಅಮೆರಿಕದ ಟಿವಿ ಧಾರಾವಾಹಿಯ 1974ರ ಒಂದು ಕಂತಿನಿಂದ ಬಂದದ್ದಂತೆ. ಅದೇ ಪುಸ್ತಕದ ಇನ್ನು ಕೆಲವು ಪ್ರಾಣಿಗಳು ಹಾಂಗ್‌ಕಾಂಗಿನ ಅಗ್ಗದ ಪ್ಲಾಸ್ಟಿಕ್ ಆಟಿಕೆಗಳನ್ನು ನೋಡಿ ಮಾಡಿದವು. ಸೀತಾಬರ್ಡಿಯ ಫುಟ್‌ಪಾತಿನಲ್ಲಿ ಸಿಗುವಂಥವು! 1980ರ ಇನ್ನೊಂದು ಪುಸ್ತಕದಲ್ಲಿ ಇಂದ್ರನಿಗೂ ಪೆಟ್ಟು ತಾಳುವ ಅಂಕಿ ಕೊಟ್ಟಿದ್ದಾರೆ. ಹಿಂದೊಮ್ಮೆ ಮಗಳು ನಮ್ಮೂರಿನ ಗುಳಿಗನನ್ನು ಆಟಕ್ಕೆ ತರಲಾ ಅಂತ ಕೇಳಿದಾಗ ನಾನು ಖಂಡಿತ ಕೂಡದು ಅಂದಿದ್ದೆ. "ಕಾಂತಾರ" ನೋಡಿದಮೇಲೆ ಅವಳ ಗೆಳೆಯರಿಗೆಲ್ಲ ಹುಚ್ಚು. ದೈವಕ್ಕೆ ಅಂಕಿ ಕೊಟ್ಟು ದಾಳ ಹಾಕುವುದು ನನ್ನಿಂದ ನೋಡಲಾಗುವುದಿಲ್ಲ. ಅವಳೂ ಒಪ್ಪಿದಳು.

ರಾಕ್ಷಸ ಪರವಾಗಿಲ್ಲ. ರಾಕ್ಷಸರು ನನಗೆ ಗೊತ್ತು. ಕಿನ್ನಿಗೋಳಿ ಹತ್ತಿರದವನು ನಾನು, ಕಟೀಲು ಮೇಳದ ಹರಕೆಯಾಟ ನೋಡಿ ಬೆಳೆದವನು. ದೇವಿ ಮಹಾತ್ಮೆಯಲ್ಲಿ ಮಹಿಷಾಸುರ ಬರುತ್ತಾನೆ ಅಂತ ಯಾರಿಗೆ ಗೊತ್ತಿಲ್ಲ? ಯಾರ ಕೈಯಲ್ಲಿ ಸಾಯುತ್ತಾನೆ ಅನ್ನುವುದೂ ಮೂರು ವರ್ಷದ ಮಗುವಿಗೆ ಗೊತ್ತು. ನಮ್ಮಲ್ಲೂ ಎಲ್ಲರೂ ಚಷ್ಮಾ ಹುಡುಗರೇ! ಆದರೂ ನಡುರಾತ್ರಿ ಕಳೆದು ಸಭೆಯ ಹಿಂದಿನಿಂದ, ಕತ್ತಲಿನಿಂದ ಅವನು ಅಬ್ಬರಿಸುತ್ತಾ ಬರುವಾಗ ನಾನು ಅಜ್ಜಿಯ ಸೆರಗಿನೊಳಗೆ ಇರುತ್ತಿದ್ದೆ. ಮುಂದಿನ ವರ್ಷವೂ ಅದೇ ಸೆರಗು.

ಇದನ್ನು ಮಗಳಿಗೆ ಹೇಳಿದೆ. ಅವಳು ನೋಟ್‌ಬುಕ್ ತೆಗೆದಳು. ದೊಂದಿ ಎಷ್ಟು ಜನ ಹಿಡಿಯುತ್ತಾರೆ? ಮೊದಲು ಕೇಳುವುದು ದನಿಯೋ ಚೆಂಡೆಯೋ? ಎಷ್ಟು ಹೊತ್ತು ಕಾಣಿಸಿಕೊಳ್ಳದೆ ಇರುತ್ತಾನೆ? ನನಗೆ ನೆನಪಿಲ್ಲ. 1998ರಲ್ಲಿ ನಾಗಪುರಕ್ಕೆ ಬಂದವನು, ಅಮರಾವತಿ ಚಂದ್ರಪುರ ಅಂತ ಸುತ್ತಿ ಮತ್ತೆ ಇಲ್ಲಿಗೇ ಬಂದು ಮನೆ ಕಟ್ಟಿಕೊಂಡವನು. ಇಡೀ ರಾತ್ರಿ ಆಟ ನೋಡಿ ಇಪ್ಪತ್ತು ವರ್ಷವಾದರೂ ಆಗಿರಬೇಕು. "ಅಜ್ಜಿಯನ್ನು ಕೇಳು" ಅಂದೆ. ಬಾಯಿತಪ್ಪಿ ಬಂದ ಮಾತು.

ನಾಲ್ಕು ದಿನ ಅವಳು ಕೇಳಲಿಲ್ಲ. ಐದನೇ ದಿನ ಬಾಲ್ಕನಿಯಲ್ಲಿ ನಿಂತು ಫೋನ್ ಮಾಡಿದಳು. "ಅಜ್ಜಿ, ಮ... ಮ... ಮ..." ಅಷ್ಟೇ ಕೇಳಿಸುತ್ತಿತ್ತು. ನನಗೆ ಎದ್ದುಹೋಗಿ ಆ ಶಬ್ದ ಮುಗಿಸಿಕೊಡಬೇಕು ಅನ್ನಿಸಿತು. ಹೆಂಡತಿ ನನ್ನ ತೋಳು ಹಿಡಿದುಕೊಂಡಳು. ಸ್ಪೀಕರಿನಲ್ಲಿ ಅಮ್ಮನ ದನಿ, "ಮೆಲ್ಲ ಹೇಳು ಮಗಾ, ನನಗೇನು ಬಸ್ಸಿಗೆ ಹೋಗ್ಲಿಕ್ಕುಂಟಾ?" ಮಹಿಷಾಸುರ ಹೊರಗೆ ಬಂದ. ಆಮೇಲೆ ಮುಕ್ಕಾಲು ಗಂಟೆ ಅಜ್ಜಿಯೇ ಮಾತಾಡಿದ್ದು. ರಾಳದ ಪುಡಿ ಎರಚಿದಾಗ ಭಗ್ಗನೆ ಏಳುವ ಬೆಂಕಿ, ಚಿಟ್ಟಿ ಇಡಲು ಅಕ್ಕಿಹಿಟ್ಟು ಕಲಸಿಕೊಂಡು ಗಂಟೆಗಟ್ಟಲೆ ಕೂರುವುದು, ಗದ್ದೆಯ ಆಚೆಯಿಂದ ಬರುತ್ತಾ ಬರುತ್ತಾ ಬರುತ್ತಾ ಇರುವುದು. "ಬಂದಮೇಲೆ ಎಂಥ ಹೆದರಿಕೆ, ಬರುವ ತನಕ ಮಾತ್ರ" ಅಂದರು ಅಮ್ಮ. ಮಗಳು ಅದಕ್ಕೆ ಅಡಿಗೆರೆ ಹಾಕಿದ್ದನ್ನು ನಾನು ಆಮೇಲೆ ನೋಡಿದೆ.

ಆಗಸ್ಟಿನಲ್ಲಿ ಪೋಳಾ ಬಂತು. ಮರುದಿನ ಇಲ್ಲಿ ಮಾರಬತ್ ಮೆರವಣಿಗೆ. ನಾಗಪುರಕ್ಕೆ ಬಂದು ಇದನ್ನು ನೋಡದಿದ್ದರೆ ಏನೂ ನೋಡಿದ ಹಾಗಲ್ಲ. ಕಾಳಿ ಮಾರಬತ್, ಪಿವಳಿ ಮಾರಬತ್ ಅಂತ ಎರಡು ದೈತ್ಯ ಹೆಂಗಸರ ಪ್ರತಿಮೆ, ಒಂದು ಕಪ್ಪು, ಒಂದು ಹಳದಿ. 1880ರ ದಶಕದಿಂದ ನಡೆದು ಬಂದದ್ದು. ಕಪ್ಪಿನವಳು ಬ್ರಿಟಿಷರ ಜೊತೆ ಸೇರಿದ ಭೋಸಲೆ ಮನೆತನದ ಬಾಂಕಾಬಾಯಿ ಅಂತ ಜನ ಹೇಳುತ್ತಾರೆ. ಊರಿನ ರೋಗ ರುಜಿನವೆಲ್ಲ ಹೊತ್ತುಕೊಂಡು ಹೋಗಮ್ಮಾ ಅಂತ ಕೂಗುತ್ತಾ ಹಳೇ ಪೇಟೆಯಲ್ಲಿ ಮೆರೆಸಿ ಸುಡುತ್ತಾರೆ. ಅವರ ಜೊತೆ ಬಡಗ್ಯಾ ಅಂತ ಗಂಡು ಬೊಂಬೆಗಳು, ಅವು ಮಾತ್ರ ವರ್ಷವರ್ಷ ಹೊಸವು. ಬೆಲೆಯೇರಿಕೆಯ ಬಡಗ್ಯಾ, ಲಂಚದ ಬಡಗ್ಯಾ, ಆ ವರ್ಷ ಯಾವುದು ಊರನ್ನು ಕಾಡಿತ್ತೋ ಅದು. ಇತ್ವಾರಿಯ ನೂಕುನುಗ್ಗಲಿನಲ್ಲಿ ಮಗಳ ಜೊತೆ ನಿಂತು ನೋಡಿದೆ. ಹೊಸ ಬಡಗ್ಯಾ ಬಂದಾಗ ಜನ ನಗುತ್ತಿದ್ದರು, ಫೋಟೋ ಹೊಡೆಯುತ್ತಿದ್ದರು. ಕಾಳಿ ಮಾರಬತ್ ತಿರುವಿನಲ್ಲಿ ತಲೆ ಹಾಕಿದಾಗ, ನೂರ ನಲವತ್ತು ವರ್ಷದಿಂದ ಗೊತ್ತಿರುವ ಅದೇ ಮುಖ, ಗಲಾಟೆಯ ದನಿಯೇ ಬದಲಾಯಿತು. ಮಗಳು ನನ್ನ ಕಡೆ ನೋಡಿದಳು. ನಾನು "ಪೋಹೆ ತಿನ್ನೋಣವಾ?" ಅಂದೆ.

ಎರಡು ವಾರದ ನಂತರ ಅವಳು ಅದೇ ರಾಕ್ಷಸನನ್ನು ಮತ್ತೆ ತಂದಳು. ಅದೇ 110, ಅದೇ 13. ಕೋಟೆ ಇಲ್ಲ, ಸಿಂಹಾಸನ ಇಲ್ಲ. ಬರ ಬಿದ್ದ ಒಂದು ಊರು, ನಮ್ಮ ವಿದರ್ಭದ ಹಾಗೆ. ಆ ಊರಿನಲ್ಲಿ ಬಡ್ಡಿ ಇಲ್ಲದೆ ಸಾಲ ಕೊಡುವ ಒಬ್ಬ ಸಾಹುಕಾರ. ವಯಸ್ಸಾದವನು, ಮೃದುವಾದ ಮಾತು. ಬಡ್ಡಿ ಇಲ್ಲ ಅಂದಕೂಡಲೇ ನನಗಂತೂ ಅನುಮಾನ ಬಂತು, ಆದರೆ ಆ ಮಕ್ಕಳಿಗೆ ಬರಲಿಲ್ಲ. ಯಾವಾಗಲೂ ಶಾಲು ಹೊದ್ದಿರುತ್ತಾನೆ, ಶಾಲಿನ ಒಳಗಿಂದಲೇ ನಮಸ್ಕಾರ ಮಾಡುತ್ತಾನೆ. ಎರಡು ಗಂಟೆ ಅವನ ಮನೆಯಲ್ಲಿ ಉಂಡರು, ಮಲಗಿದರು, ಊರಿನಲ್ಲಿ ಕಾಣೆಯಾದವರನ್ನು ಹುಡುಕಲು ಅವನದೇ ಸಲಹೆ ಕೇಳಿದರು. ಚಷ್ಮಾ ಹುಡುಗ ಅವನ ಪತ್ರಕ್ಕೆ ಸಹಿಯೂ ಹಾಕಿದ. ಪತ್ರ ತೆಗೆದುಕೊಳ್ಳಲು ಸಾಹುಕಾರ ಮೊದಲ ಸಲ ಶಾಲಿನಿಂದ ಕೈ ಹೊರಗೆ ತೆಗೆದ. "ಅಂಗೈ ಮೇಲಿರಬೇಕಾದ ಕಡೆ..." ಅಂತ ಮಗಳು ತನ್ನ ಕೈಯನ್ನೇ ಮೆಲ್ಲಗೆ ತಿರುಗಿಸಿದಳಂತೆ. ನಾನು ಪರದೆ ಹಿಂದೆ ಇದ್ದದ್ದರಿಂದ ಅದು ಕಾಣಿಸಲಿಲ್ಲ. ಕೇಳಿಸಿದ್ದು ಇಷ್ಟೇ, ಕೂಲರಿನ ಸದ್ದು. ಆಮೇಲೆ ಚಷ್ಮಾ ಹುಡುಗ "ಇಷ್ಟು ಹೊತ್ತು ಎದುರಿಗೇ ಕೂತಿದ್ದನಲ್ಲೋ!" ಅಂತ ಚೀರಿದ್ದು.

ಎಲ್ಲರೂ ಹೋದಮೇಲೆ ಅವಳು ನನ್ನ ಕೋಣೆಗೆ ಬಂದು "ಅರ್ಜಿ ವಾಪಸ್" ಅಂದಳು.

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ಫೈಲ್ ಕ್ಲೋಸ್. ಆದರೆ ಇಷ್ಟು ಹೊತ್ತಿಗೆ ಅಪ್ರೈಸಲ್ ಆಫೀಸರ್ ಕೆಟ್ಟಿದ್ದ. ಅಪ್ರೈಸಲ್ ನೆಪದಲ್ಲಿ ಅವಳ ಮಾನ್‌ಸ್ಟರ್ ಮ್ಯಾನುಯಲನ್ನು ರಾತ್ರಿ ಓದಲು ಶುರುಮಾಡಿ ನಾನು ಕೊನೆಯ ಅಕ್ಷರದ ತನಕ ಬಂದಿದ್ದೆ. ಕೋಷ್ಟಕ ಬಿಟ್ಟು ಕಥೆ ಮಾತ್ರ ಓದುತ್ತಿದ್ದೆ, ಚಂದಮಾಮ ಓದಿದ ಹಾಗೆ. ಆಗ ಹೊಳೆಯಿತು. ಸಾಹುಕಾರನನ್ನು ಕಟ್ಟಲು ಅವಳಿಗೆ ನೆರವಾದದ್ದು ಯಾವುದು? 110 ಅಲ್ಲ, 13 ಅಲ್ಲ. ಇವನು ವೇಷ ಬದಲಿಸಬಲ್ಲ, ಮನಸ್ಸು ಓದಬಲ್ಲ, ಅಂಗೈ ಮಾತ್ರ ಅಡಗಿಸಬೇಕು ಅನ್ನುವ ನಾಲ್ಕು ಸಾಲು. ಅಂಕಿ ಪುಕ್ಕಟೆ ಸಿಗುತ್ತದೆ, ನಾಲ್ಕು ಸಾಲಿಗೆ ದುಡ್ಡು. ಹಾಗಿದ್ದರೆ ಇನ್ನೂರೈವತ್ತು ಅನ್ನುವ ಎಣಿಕೆ ನೋಡಿ ಕೊಳ್ಳುವುದರಲ್ಲಿ ಅರ್ಥ ಇಲ್ಲ, ಯಾವುದರಲ್ಲಿ ಆ ಸಾಲುಗಳು ಜಾಸ್ತಿ ಇವೆಯೋ ಅದನ್ನು ಕೊಳ್ಳಬೇಕು.

ಆ ಕಣ್ಣಿನಿಂದ ನೋಡಿದರೆ ಅವಳು ಕೇಳಿದ ಪುಸ್ತಕ ಪಾಸಾಗುವುದಿಲ್ಲ. ಅದು ಎರಡು ಹಳೇ ಪುಸ್ತಕಗಳ ರಾಕ್ಷಸರನ್ನು ಒಟ್ಟು ಮಾಡಿ, ಕೋಷ್ಟಕಗಳನ್ನು ತಿದ್ದಿ, ಕಥೆಯ ಭಾಗವನ್ನು ಬಹಳಷ್ಟು ಕತ್ತರಿಸಿ ಮಾಡಿದ್ದು. ಬ್ಯಾಂಕುಗಳ ವಿಲೀನದ ಹಾಗೆ. 2020ರ ಏಪ್ರಿಲ್ ಒಂದರಂದು ನಾನು ಸೇರಿದ್ದ ಬ್ಯಾಂಕಿನ ಬೋರ್ಡೂ ಹೀಗೇ ಇಳಿದದ್ದು, ಲೆಡ್ಜರ್ ಪೂರಾ ಬಂತು, ಕಥೆಗಳು ಬರಲಿಲ್ಲ. ಅದರ ಎರಡು ಮೂಲಗಳಲ್ಲಿ ಮೊದಲನೆಯದು 2016ರ "ವೋಲೋಸ್ ಗೈಡ್ ಟು ಮಾನ್‌ಸ್ಟರ್ಸ್". 224 ಪುಟವೇ, ರಾಕ್ಷಸರು ನೂರರಷ್ಟೇ. ಆದರೆ ಮೊದಲ ಅಧ್ಯಾಯದಲ್ಲಿ ಒಂಬತ್ತು ಜಾತಿಯವರ ಸಂಸಾರ ಪೂರ್ತಿ ಇದೆ. ಏನು ತಿನ್ನುತ್ತಾರೆ, ಯಾರನ್ನು ಪೂಜಿಸುತ್ತಾರೆ, ಮನೆ ಹೇಗಿಟ್ಟುಕೊಳ್ಳುತ್ತಾರೆ, ತಮ್ಮತಮ್ಮಲ್ಲಿ ಜಗಳ ಯಾತಕ್ಕೆ. ಹ್ಯಾಗ್ ಅಂತ ಮಾಟಗಾತಿ ಮುದುಕಿಯರ ಭಾಗವಂತೂ ನಾನು ಎಲ್ಲ ಬ್ರಾಂಚ್ ಮ್ಯಾನೇಜರುಗಳಿಗೂ ಓದಲು ಹೇಳುತ್ತೇನೆ. ಬಂದವರ ಜೊತೆ ಒಪ್ಪಂದ ಮಾಡಿಕೊಳ್ಳುತ್ತಾರೆ, ಷರತ್ತು ನೀವೇ ಮುರಿಯುವ ಹಾಗೆ ಬರೆಯುತ್ತಾರೆ. ಕೆಲವು ಪುಟ ಹೆಂಡತಿಗೆ ತೋರಿಸಲಿಲ್ಲ, ಅದು ಬೇರೆ.

ತೊಂದರೆ ಏನೆಂದರೆ ಹೊಸದು ಬಂದಮೇಲೆ 2022ರಲ್ಲಿ ಪ್ರಕಾಶಕರು ಹಳೆಯವುಗಳ ಡಿಜಿಟಲ್ ಪ್ರತಿ ಮಾರುವುದನ್ನು ನಿಲ್ಲಿಸಿದ್ದರು. ಕೊನೆಗೆ ಪುಣೆಯಲ್ಲಿ ನನ್ನ ಹಳೇ ಸಹೋದ್ಯೋಗಿಯ ಮಗ, ಜರ್ಮನಿಗೆ ಹೊರಟವನು, ಮನೆ ಖಾಲಿ ಮಾಡುತ್ತಾ ತನ್ನ ಮುದ್ರಿತ ಪ್ರತಿಯನ್ನು 1,500 ರೂಪಾಯಿಗೆ ಕೊಟ್ಟ. ಮೂಲೆ ಸ್ವಲ್ಪ ಮಡಚಿದೆ, ಒಂದು ಪುಟದಲ್ಲಿ ಚಹಾದ ಕಲೆ. ಮಂಜೂರಾತಿ ಪತ್ರ ನಾನೇ ಟೈಪ್ ಮಾಡಿದೆ. ಕೇಳಿದ ಪುಸ್ತಕದ ಬದಲು ಬೇರೆ ಪುಸ್ತಕ, ಬಡ್ಡಿ ಇಲ್ಲ, ಷರತ್ತು ಒಂದೇ, ಓದಿದ ಮೇಲೆ ಅಪ್ಪನಿಗೆ ಕೊಡತಕ್ಕದ್ದು. ಮಗಳು "ಬಡ್ಡಿ ಇಲ್ಲ ಅಂದರೆ ನನಗೆ ಅನುಮಾನ" ಅಂತ ನನ್ನ ಅಂಗೈ ತಿರುಗಿಸಿ ನೋಡಿ ಸಹಿ ಹಾಕಿದಳು.

ನವೆಂಬರಿನ ಎರಡನೇ ಭಾನುವಾರ ಮುದುಕಿ ಬಂದಳು. ಕಾಡಿನೊಳಗೆ ಗುಡಿಸಲು, ಒಲೆಯ ಮೇಲೆ ಏನೋ ಕುದಿಯುತ್ತಿದೆ. ನಾನು ಪೇಪರ್ ಹಿಡಿದು ಪರದೆ ಹಿಂದೆ. ಮಗಳು ಅವಳ ದನಿ ತೆಗೆದಳು, ತೆಳ್ಳಗೆ, ನಾಗಪುರಿ ಹಿಂದಿಯಲ್ಲಿ. ಚೆನ್ನಾಗಿ ಹೋಗುತ್ತಿತ್ತು. ಕೂರಲು ಹೇಳುವ ಜಾಗ ಬಂತು. ಬೈಠೋ ಅನ್ನಬೇಕು. "ಬ... ಬ..."

ನನ್ನ ಕೈಯಲ್ಲಿ ಪೇಪರ್ ಸದ್ದು ಮಾಡಿತು. ಮುದುಕಿಯ ದನಿಯಲ್ಲೇ ಸಿಕ್ಕಿಕೊಂಡಿತ್ತು. ನಿಲ್ಲಿಸುತ್ತಾಳೆ, ತಲೆನೋವು ಅನ್ನುತ್ತಾಳೆ ಅಂದುಕೊಂಡೆ. ಅವಳು ನಿಲ್ಲಿಸಲಿಲ್ಲ. ದನಿ ಬಿಡಲೂ ಇಲ್ಲ. "ಬ..." ಅನ್ನುತ್ತಾ ಒಬ್ಬೊಬ್ಬರ ಮುಖ ನೋಡುತ್ತಿದ್ದಳು ಅಂತ ಕಾಣುತ್ತದೆ, ಯಾಕೆಂದರೆ ಅಲ್ಲಿ ಒಬ್ಬರೂ ಉಸಿರಾಡುತ್ತಿರಲಿಲ್ಲ. ನಾನು ಪರದೆ ಒಂದು ಬೆರಳಷ್ಟು ಸರಿಸಿದೆ. ಐದೂ ಜನ ಮುಂದಕ್ಕೆ ಬಾಗಿದ್ದರು. ಚಷ್ಮಾ ಹುಡುಗನ ಕೈಯಲ್ಲಿ ಪೋಹೆಯ ಚಮಚ ಬಾಯಿಗೂ ತಟ್ಟೆಗೂ ನಡುವೆ ನಿಂತಿತ್ತು.

"ಬ... ಬೈಠೋ, ಬೇಟಾ" ಅಂದಳು ಮುದುಕಿ.

ಎಲ್ಲರೂ ಕೂತೇ ಇದ್ದರು. ಆದರೂ ಒಬ್ಬಳು ಚಾಪೆಯ ಮೇಲೆ ಹಿಂದೆ ಸರಿದಳು. ಹುಡುಗ ರೇಟಿಂಗ್ ಎಷ್ಟು ಅಂತ ಹೇಳಲಿಲ್ಲ.